ಹೇಳಿ ಮುಟ್ಟುವ ತುಳಸಾಬಾಯಿ

ಬೇಗಂಪೇಟೆಯ ಒಂದು ಆಸ್ಪತ್ರೆಯಲ್ಲಿ ತುಳಸಾಬಾಯಿ ಇಪ್ಪತ್ತೆರಡು ವರ್ಷ ಆಯಾ ಆಗಿದ್ದರು. ರೋಗಿಗೆ ಎಚ್ಚರವಿರಲಿ ಬಿಡಲಿ, ಹೇಳದೆ ಮೈ ಮುಟ್ಟಿದವರಲ್ಲ. "ಈಗ ಮೈ ಒರಸ್ತೀನ್ರಿ, ನೀರು ಜರಾ ತಣ್ಣಗೈತಿ" ಅನ್ನಬೇಕು, ಆಮೇಲೆಯೇ ಬಟ್ಟೆ ತಾಗಿಸಬೇಕು. ನರ್ಸುಗಳು ಮುಸಿಮುಸಿ ನಗುತ್ತಿದ್ದರು. ನಗುವವರಿಗೆ ಬೇರೆ ಕೆಲಸವೇನಿರುತ್ತದೆ ಹೇಳಿ.

೧೯೮೪ರ ಬೇಸಿಗೆಯಲ್ಲಿ ಮಲ್ಕಾಜ್‌ಗಿರಿಯ ರೈಲು ಡ್ರೈವರ್ ಜಯತೀರ್ಥ ಮನೆಯ ಮೆಟ್ಟಿಲಿಂದ ಬಿದ್ದು, ತಲೆಗೆ ಪೆಟ್ಟಾಗಿ ಬಂದರು. ಮೂರನೇ ವಾರ ಕಣ್ಣು ಬಿಟ್ಟರು, ಆದರೆ ಕರೆದರೆ ಓ ಇಲ್ಲ, ನೋಟ ಎಲ್ಲೂ ನಿಲ್ಲದು. ದೊಡ್ಡ ಡಾಕ್ಟರು ಅವರ ಹೆಂಡತಿ ಮಂದಾಕಿನಿಗೆ ಹಾಸಿಗೆಯ ಪಕ್ಕದಲ್ಲೇ ಹೇಳಿಬಿಟ್ಟರು: "ಎಚ್ಚರ ಬೇರೆ, ಅರಿವು ಬೇರೆಯಮ್ಮ. ಕಣ್ಣು ತೆರೆದಿದೆ, ಒಳಗೆ ಯಾರೂ ಇಲ್ಲ. ಸೋಮವಾರ ಮನೆಗೆ ಕರಕೊಂಡು ಹೋಗಿ." ಹೋದರೆ ಚಿಕಿತ್ಸೆ ಅಲ್ಲಿಗೇ ಮುಗಿದಂತೆ. ಮಂದಾಕಿನಿ ಬಾಯಿಗೆ ಸೆರಗು ಒತ್ತಿಕೊಂಡು ಕೂತರು.

ತುಳಸಾಬಾಯಿಗೆ ಮೈ ಉರಿದುಹೋಯಿತು. ಯಾರೂ ಇಲ್ಲವೆನ್ನಲು ಇವರೇನು ಒಳಹೊಕ್ಕು ನೋಡಿ ಬಂದರೆ? ನೀರು ತಣ್ಣಗಿದೆ ಅಂದರೆ ಸಾಕು, ಬಟ್ಟೆ ತಾಗುವ ಮೊದಲೇ ಜಯತೀರ್ಥರ ಭುಜ ಬಿಗಿಯುವುದನ್ನು ಅವರು ದಿನಾ ಕಂಡಿದ್ದರು. ಹೇಳಿದರೆ ಡಾಕ್ಟರು "ಅದು ಮೈಯ ಅಭ್ಯಾಸ" ಅಂದರು.

ತುಳಸಾಬಾಯಿಯ ತೀರಿಹೋದ ಗಂಡ ಹನುಮಂತ ಎಂಜಿನ್ನಿನಲ್ಲಿ ಡ್ರೈವರನ ಸಹಾಯಕನಾಗಿದ್ದ. ಒಬ್ಬ ಸಿಗ್ನಲ್ಲಿನ ಬಣ್ಣ ಕೂಗಿದರೆ ಇನ್ನೊಬ್ಬ ತಾನೇ ಕಣ್ಣಾರೆ ನೋಡಿ, ಸರಿಯಿದ್ದರೆ ಮಾತ್ರ ಕೈ ಎತ್ತಬೇಕು. ಅದು ಅವರ ಕೆಲಸದ ರೀತಿ. ಸೋಮವಾರ ಡಾಕ್ಟರು ಬಂದಾಗ ತುಳಸಾಬಾಯಿ ಆಪರೇಷನ್ ಕೋಣೆಯ ಹಸಿರು ಬಟ್ಟೆ ಎತ್ತಿ ಹಿಡಿದರು.

"ಡ್ರೈವರ್ ಸಾಹೇಬ್ರ, ಸಿಗ್ನಲ್ ಹಸಿರೈತ್ರಿ."

ಎಷ್ಟೋ ಹೊತ್ತು ಏನೂ ಇಲ್ಲ. ಆಮೇಲೆ ಬಲಗೈ ಹಾಸಿಗೆಯಿಂದ ನಾಲ್ಕು ಬೆರಳಿನಷ್ಟು ಮೇಲೆದ್ದಿತು. ಮಂದಾಕಿನಿ ಮಂಚದ ಕಂಬಿ ಹಿಡಿದುಕೊಂಡರು.

"ಇದೂ ಅಭ್ಯಾಸವೇ," ಅಂದರು ಡಾಕ್ಟರು.

"ಇರಬಹುದ್ರಿ." ತುಳಸಾಬಾಯಿ ಬಟ್ಟೆ ಇಟ್ಟು, ಆಸ್ಪತ್ರೆಯ ಕೆಂಪು ಕಂಬಳಿ ಬಿಚ್ಚಿ ಹಿಡಿದು, ಅದೇ ದನಿಯಲ್ಲಿ ಸುಳ್ಳು ಹೇಳಿದರು: "ಸಿಗ್ನಲ್ ಹಸಿರೈತ್ರಿ."

ಕೈ ಏಳಲಿಲ್ಲ. ಕಣ್ಣು ಕಂಬಳಿಯ ಮೇಲೆ ನಿಂತಿತು. ಬೆರಳುಗಳು ಬ್ರೇಕು ಹಿಡಿದಂತೆ ಹಾಸಿಗೆಯನ್ನು ಬಿಗಿಹಿಡಿದವು. ಮೂರು ಸಲ ಕೂಗಿದರೂ ಆ ಮನುಷ್ಯ ಗಾಡಿ ಬಿಡಲಿಲ್ಲ.

ಡಾಕ್ಟರು ಫೈಲು ತೆಗೆದು, ಮನೆಗೆ ಕಳಿಸುವ ಸಾಲನ್ನು ಹೊಡೆದುಹಾಕಿದರು. ಸ್ಟೆತಾಸ್ಕೋಪು ಕಿವಿಗಿಟ್ಟು ಬಗ್ಗಿದವರು ಅರ್ಧದಲ್ಲೇ ನಿಂತರು. ತುಳಸಾಬಾಯಿ ಅವರನ್ನೇ ನೋಡುತ್ತಿದ್ದರು.

"ಜಯತೀರ್ಥ ಗಾರೂ," ಅಂದರು ಡಾಕ್ಟರು, "ಎದೆ ನೋಡುತ್ತೇನೆ. ಸ್ವಲ್ಪ ತಣ್ಣಗಿರುತ್ತದೆ."