ಸತ್ತೆವ್ವ ಎಂಜಿನ್ ಬಿಚ್ಚಿಸಿದ್ದು

ಗಂಡ ಕರೆಪ್ಪನಿಗೆ ಸೊಂಟ ಹಿಡಿದುಕೊಂಡ ಮೇಲೆ ದೋಣಿ ಸತ್ತೆವ್ವನ ಕೈಗೆ ಬಂತು. ಹುಕ್ಕೇರಿ ತಾಲ್ಲೂಕಿನಲ್ಲಿ ಹಿಡಕಲ್ ಜಲಾಶಯದ ಹಿನ್ನೀರು ದಾಟಿಸುವುದು ಅವಳ ಕೆಲಸ. ಆಚೆ ದಂಡೆಯಲ್ಲಿ ಹೊಲ ಇರುವವರು, ಮೇವಿನ ಹೊರೆ, ಒಮ್ಮೊಮ್ಮೆ ಆಡು.

ಹೋದ ಬೇಸಿಗೆಯಲ್ಲಿ ದೋಣಿಯ ಡೀಸೆಲ್ ಎಂಜಿನ್ ಕೈಕೊಟ್ಟಿತು. ಹ್ಯಾಂಡಲ್ ತಿರುವಿ ತಿರುವಿ ತೋಳು ಸೋಲುತ್ತಿತ್ತು. ಚಾಲೂ ಆದರೂ ಹೊಗೆ ಕಾರುತ್ತ ನಡುನೀರಿನಲ್ಲಿ ನಿಂತುಬಿಡುತ್ತಿತ್ತು.

"ಇಪ್ಪತ್ತು ವರ್ಷದ್ದು ಅಕ್ಕಾ. ಹೊಸಾದು ತರೂಣು," ಎಂದ ತಮ್ಮ ಲಖನ.

"ತರೂಣಂತ. ಮೊದಲ ಇದು ಯಾಕ ಕೆಟ್ಟೈತಿ ಗೊತ್ತಾಗಬೇಕಲ್ಲ?"

"ಅದನ್ನ ತಿಳಕೊಂಡು ಏನ ಮಾಡ್ತಿ?"

ಸತ್ತೆವ್ವನಿಗೆ ಮೂರು ವರ್ಷದಿಂದ ಒಂದು ಸಂಗತಿ ಕೊರೆಯುತ್ತಿತ್ತು. ಮಳೆಗಾಲದಲ್ಲಿ ತಣ್ಣಗಿರುವ ಎಂಜಿನ್ ಬೇಸಿಗೆಯಲ್ಲಷ್ಟೇ ಕಾದು ಕೆಂಡವಾಗುತ್ತಿತ್ತು.

ಅಕ್ಕ ತಮ್ಮ ಇಬ್ಬರೂ ಎಂಜಿನ್ನನ್ನು ಟೆಂಪೋದಲ್ಲಿ ಹೇರಿಕೊಂಡು, ಗೋಕಾಕ ದಾಟಿ ಮೂಡಲಗಿಗೆ ಹೋದರು. ಅಲ್ಲಿಯ ಪಂಪ್‌ಸೆಟ್ ಮೆಕ್ಯಾನಿಕ್ ಬಸವಲಿಂಗ ಬಿಚ್ಚಿ ನೋಡದೆ ಏನೂ ಹೇಳುವವರಲ್ಲ ಎಂದು ಅವಳು ಕೇಳಿದ್ದಳು.

"ನಾಳಿ ಬರ್ರಿ, ಬಿಚ್ಚಿ ಇಟ್ಟಿರತೇನಿ."

"ಬ್ಯಾಡ್ರಿ, ನಾ ಇಲ್ಲೇ ಕುಂಡರತೇನಿ. ನೋಡಬೇಕ್ರಿ ನಾನೂ."

ಬಸವಲಿಂಗ ನಕ್ಕು ಕೂರಲು ಒಂದು ಡಬ್ಬಿ ಬೋರಲು ಹಾಕಿಕೊಟ್ಟರು. ಪಿಸ್ಟನ್ ಹೊರಗೆ ಬಂತು. ಅದು ಓಡಾಡುವ ಕೊಳವೆಯ ಒಳಗೆ ಬೆರಳಾಡಿಸಲು ಹೇಳಿದರು. ಸವೆದ ಕಡೆ ಒಂದು ಅಂಚೇ ಎದ್ದಿತ್ತು. ಆಮೇಲೆ ಪಿಸ್ಟನ್ನಿನ ಕೆಳಗೆ ತಿರುಗುವ ಕ್ರ್ಯಾಂಕನ್ನು ಒರೆಸಿ ಮೂರು ಸಲ ಅಳೆದರು.

"ಕ್ರ್ಯಾಂಕ್ ಚಲೋ ಐತ್ರಿ. ಪಿಸ್ಟನ್ನು, ಲೈನರು ಹೊಸಾವು ಹಾಕಿದ್ರ ಇದು ಇನ್ನೂ ಓಡತೈತಿ."

"ಖರೆ ಐತ್ರಿ. ಆದ್ರ ಬ್ಯಾಸಗ್ಯಾಗಷ್ಟ ಇದು ಕಾಯೂದು ಯಾಕ್ರಿ?"

ಬಸವಲಿಂಗ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟು ಯೋಚಿಸಿದರು. ಆಮೇಲೆ ಲೈನರ್ ಕೊಳವೆಯನ್ನೇ ಕಿತ್ತರು. ಅದರ ಸುತ್ತ ತಣ್ಣೀರು ಹರಿಯಬೇಕಾದ ಜಾಗದಲ್ಲಿ ಕೆಸರು ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಸತ್ತೆವ್ವ ಉಗುರಿನಿಂದ ಕೆರೆದು ಮೂಸಿ ನೋಡಿದಳು.

"ನಮ್ಮ ದಂಡಿ ಕೆಸರ ಇದು!"

ಅವಳಿಗೆ ಥಟ್ಟನೆ ಹೊಳೆಯಿತು. ಎಂಜಿನ್ನಿಗೆ ನೀರೆಳೆಯುವ ಪೈಪಿನ ಬಾಯಿ ದೋಣಿಯ ಅಡಿಗಿಂತ ಕೆಳಗಿತ್ತು. ಬೇಸಿಗೆಯಲ್ಲಿ ನೀರು ಇಳಿದಾಗ ದಂಡೆಯ ಹತ್ತಿರ ಅದು ಕೆಸರನ್ನೇ ಹೀರುತ್ತಿತ್ತು.

"ಲಖನ, ಹೊಸಾದು ಕುಂಡರಿಸಿದ್ರ ಅದಕ್ಕೂ ಇದ ಗತಿ ಆಕ್ಕಿತ್ತು ನೋಡು."

ಲಖನ ತಲೆ ಕೆರೆದುಕೊಂಡು, "ಹಂಗಾರ ಇದನ್ನ ರಿಪೇರಿ ಮಾಡಸು," ಎಂದ.

ಸತ್ತೆವ್ವ ಕಲ್ಲೋಳಿಯ ನೆಂಟರ ಮನೆಯಲ್ಲಿ ಉಳಿದು ನಾಲ್ಕು ದಿನ ಬೆಳಗಿನ ಬಸ್ಸಿಗೆ ಮೂಡಲಗಿಗೆ ಬಂದಳು. ಪಿಸ್ಟನ್ನಿನ ರಿಂಗುಗಳ ಸೀಳು ಒಂದರ ಮೇಲೊಂದು ಬಾರದಂತೆ ಕೂರಿಸುವುದನ್ನು ಕಲಿತಳು. ಕೊನೆಯ ರಿಂಗು ಕೂರಿಸಿದ್ದು ಅವಳೇ.

ಊರಿಗೆ ಬಂದು ಪೈಪಿನ ಬಾಯಿಯನ್ನು ಒಂದು ಗೇಣು ಮೇಲೆತ್ತಿ, ಅದಕ್ಕೆ ಕಸ ತಡೆಯುವ ಜಾಲರಿ ಬಿಗಿದಳು. ಕರೆಪ್ಪ ದಂಡೆಯಲ್ಲಿ ಕೂತು ನೋಡುತ್ತಿದ್ದ.

"ಅಷ್ಟು ಕೆಳಗ ಕಟ್ಟಿದಾಂವ ನಾನ," ಎಂದ ಸಣ್ಣ ದನಿಯಲ್ಲಿ.

"ಯಾಕ್ರಿ ಹಂಗ ಕಟ್ಟಿದ್ರಿ?"

"ಮ್ಯಾಲ ಇದ್ರ ತೆರಿ ಎದ್ದಾಗ ಪೈಪು ನೀರ ಬಿಟ್ಟು ಗಾಳಿ ಎಳೀತೈತಿ ಅಂತ."

ಅದೂ ಸುಳ್ಳಲ್ಲ ಎನಿಸಿತು ಅವಳಿಗೆ. ಮಳೆಗಾಲಕ್ಕೆ ಕೆಳಗೆ, ಬೇಸಿಗೆಗೆ ಮೇಲೆ ಎಂದು ಇಬ್ಬರೂ ಒಪ್ಪಿದರು.

ಮೊದಲ ದಿನ ನಡುನೀರಿಗೆ ಹೋಗಿ ಎಂಜಿನ್ ಮೇಲೆ ಅಂಗೈ ಊರಿದಳು. ಬೆಚ್ಚಗಿತ್ತು, ಸುಡಲಿಲ್ಲ. ಆಚೆ ದಂಡೆ ಮುಟ್ಟುವವರೆಗೂ ಕೈ ತೆಗೆಯಲಿಲ್ಲ.

ಈಗ ಎಂಜಿನ್ ಕೆಟ್ಟರೆ ಬೇರೆ ದೋಣಿಯವರೂ ಅವಳನ್ನು ಕರೆಯುತ್ತಾರೆ. ಮೊನ್ನೆ ನೋಡಿದ ಎಂಜಿನ್ನಿನಲ್ಲಿ ಕೆಸರಿರಲಿಲ್ಲ, ಪೈಪೂ ಸರಿಯಿತ್ತು, ಆದರೂ ಕಾಯುತ್ತಿತ್ತು. ಕಾರಣವನ್ನು ಸತ್ತೆವ್ವ ಇನ್ನೂ ಹುಡುಕುತ್ತಿದ್ದಾಳೆ.