ಉಪನ್ಯಾಸ ಕೊಟ್ಟವಳ ಪಾಲು

ಮೂಡುಬಿದಿರೆಗೆ ಬಂದ ಮೊದಲ ಶನಿವಾರ ಸಂಜೆ, ನಾನು ಬಾಡಿಗೆಗೆ ಕೋಣೆ ಹಿಡಿದಿದ್ದ ಮನೆಗೆ ಒಬ್ಬ ಹಿರಿಯರು ಬಂದರು. ಕೊಡೆ ಮಡಚಿ ಮೂಲೆಗಿಟ್ಟು, ಕಾಲು ತೊಳೆದು, ಜಗಲಿಯ ಮೇಲೆ ಸಂಕೋಚದಿಂದ ಕೂತರು. ಮನೆಯೊಡತಿ ದೇವಕಿ ಅಕ್ಕ ಬೆಲ್ಲ ನೀರು ಕೊಟ್ಟು ಉಪಚರಿಸಿದರು. ರಾತ್ರಿಯೂಟಕ್ಕೆ ಮೀನಿನ ಸಾರು ಮಾಡಿದರು. ಸೋಮವಾರ ಬೆಳಿಗ್ಗೆ ಅವರು ಕೊಡೆ ಎತ್ತಿಕೊಂಡು ಹೊರಟುಹೋದರು.

"ನಿಮ್ಮ ಬೀಗರು ಭಾಳ ಸಭ್ಯರು ನೋಡ್ರಿ," ಎಂದೆ.

"ಬೀಗರಾ? ಅವರು ನನ್ನ ಗಂಡ ಅಲ್ವಾ ಟೀಚರ್! ಈಗ ಅವರ ಮನೆಗೆ ಹೋದದ್ದು."

"ಅವರ ಮನೆ ಅಂದರ?"

"ಅವರ ತಾಯಿಯ ಮನೆ. ಅವರ ಅಕ್ಕತಂಗಿಯರು ಇರುವುದು ಅಲ್ಲಿ. ಅಲ್ಲಿಯ ಬೇಸಾಯ ನೋಡುವವರು ಯಾರುಂಟು ಮತ್ತೆ?"

ನಮ್ಮೂರು ಗದಗಿನ ಓದುಗರೇ, ನಾನು ಕಾಫಿ ಲೋಟ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ನಮ್ಮಲ್ಲಿ ಮಗಳು ತವರಿಗೆ ನೆಂಟಳಾಗಿ ಬರುತ್ತಾಳೆ. ಇಲ್ಲಿ ಗಂಡ ಹೆಂಡತಿಯ ಮನೆಗೆ ನೆಂಟನಾಗಿ ಬರುತ್ತಾನೆ. ಎಲ್ಲರ ಮನೆಯಲ್ಲೂ ಹೀಗಲ್ಲ, ಈಚೆಗೆ ಗಂಡ ಹೆಂಡತಿ ಒಟ್ಟಿಗೆ ಸಂಸಾರ ಹೂಡುವುದೇ ಹೆಚ್ಚಂತೆ. ದೇವಕಿ ಅಕ್ಕನದು ಹಳೆಯ ಪದ್ಧತಿಯ ಮನೆ. ಇದಕ್ಕೆ ಇವರು ಅಳಿಯಕಟ್ಟು ಎನ್ನುತ್ತಾರೆ. ಆಸ್ತಿ ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಇಳಿಯುತ್ತದೆ. ನೋಡಿಕೊಳ್ಳುವ ಯಜಮಾನಿಕೆ ಮಾತ್ರ ಅಣ್ಣನದು, ಅವನ ನಂತರ ಅಕ್ಕತಂಗಿಯರ ಮಗನದು. ಯಜಮಾನನ ಸ್ವಂತ ಮಕ್ಕಳು ತಮ್ಮ ತಾಯಿಯ ಮನೆಗೆ ಸೇರಿದವರು.

ನಾನು ಇಲ್ಲಿಗೆ ಬಂದದ್ದು ಹೊಸದಾಗಿ ತೆರೆದ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಲು. ಬಂದ ಕಾರಣವನ್ನೂ ಹೇಳಿಬಿಡುತ್ತೇನೆ. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡ ತೀರಿಕೊಂಡರು. ಅತ್ತೆ ಮನೆಯವರು ಪೆಟ್ಟಿಗೆಯ ಜೊತೆ ನನ್ನನ್ನು ತವರಿಗೆ ಕಳಿಸಿದರು. ಅಪ್ಪ, ಯಾರು ಏನೇ ಆಡಿಕೊಳ್ಳಲಿ ಎಂದು ಧಾರವಾಡದಲ್ಲಿ ಓದಿಸಿದ. "ಓದು, ಇದೇ ನಿನ್ನ ಪಾಲು," ಎಂದಿದ್ದ. ಅವನೂ ಹೋದ ಮೇಲೆ ಅಣ್ಣನ ಸಂಸಾರ ಬೆಳೆಯಿತು. ಅಣ್ಣ ಒಳ್ಳೆಯವನು, ಅತ್ತಿಗೆಯೂ ಕೆಟ್ಟವಳಲ್ಲ. ಆದರೆ ನಾನಿದ್ದ ಕೋಣೆಯಲ್ಲಿ ಜೋಳದ ಚೀಲ ಒಂದೊಂದಾಗಿ ಬಂದು ಕೂತವು. ಕಡೆಗೆ ನನಗೆ ಮಲಗಲು ಜಾಗವಿತ್ತು, ಪೆಟ್ಟಿಗೆ ಇಡಲು ಜಾಗವಿರಲಿಲ್ಲ. ಅಷ್ಟರಲ್ಲಿ ಮೂಡುಬಿದಿರೆಯ ಕೆಲಸ ಸಿಕ್ಕಿತು. ಹೇಳಿಕೊಳ್ಳಲು ನನ್ನದೊಂದು ಮನೆಯಿಲ್ಲ ಎಂಬ ನೋವನ್ನು ಯಾರಿಗೂ ತೋರಿಸದೆ ರೈಲು ಹತ್ತಿದೆ.

ಇಲ್ಲಿಯ ಮೊದಲ ತಿಂಗಳುಗಳನ್ನು ನೆನೆದರೆ ಈಗ ನಗು ಬರುತ್ತದೆ. ಅಂಗಡಿಯಲ್ಲಿ ಜೋಳದ ಹಿಟ್ಟು ಕೇಳಿದರೆ, ಯಾರಿಗಾದರೂ ಹುಷಾರಿಲ್ಲವೇ ಎಂದು ವಿಚಾರಿಸುತ್ತಿದ್ದರು. ಹೆಬ್ಬೆರಳಿನಷ್ಟು ದಪ್ಪ ಉಬ್ಬಿದ ಕುಚ್ಚಲಕ್ಕಿ ಅನ್ನ ನನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಮೀನಿನ ವಾಸನೆಗೆ ನಾನು ಮೂಗು ಮುಚ್ಚುವುದನ್ನು ಕಂಡು ದೇವಕಿ ಅಕ್ಕ ಹಿತ್ತಲ ಕಡೆ ನನಗೇ ಒಂದು ಬೇರೆ ಒಲೆ ಹಾಕಿಕೊಟ್ಟರು. ಮನೆಯಲ್ಲಿ, ಬೀದಿಯಲ್ಲಿ, ಬಸ್ಸಿನಲ್ಲಿ ಎಲ್ಲ ಕಡೆ ತುಳು. ನನ್ನೊಡನೆ ಮಾತ್ರ ಪುಸ್ತಕ ಓದಿದಂಥ ನಿಧಾನದ ಕನ್ನಡ. ಕನ್ನಡ ನಾಡಿನಲ್ಲೇ ಕನ್ನಡದವಳೆಂಬ ಕಾರಣಕ್ಕೆ ಪರಕೀಯಳಾದೆನಲ್ಲ ಎಂದು ಕೆಲವು ಸಂಜೆ ಅತ್ತದ್ದೂ ಉಂಟು. "ಬಲೆ, ಕುಳ್ಳುಲೆ," ಅಂದರೆ ಬನ್ನಿ, ಕೂತುಕೊಳ್ಳಿ ಎಂದು ನಾನು ಮೊದಲ ಸಲ ತುಳುವಿನಲ್ಲಿ ಹೇಳಿದ್ದು ಹಾಲಿನ ಹೆಂಗಸಿಗೆ. ಅವಳು ಚೊಂಬು ಕೆಳಗಿಟ್ಟು ನಿಜವಾಗಿಯೂ ಕೂತುಬಿಟ್ಟಳು. ಅವತ್ತಿನ ಖುಷಿ ಇನ್ನೂ ನೆನಪಿದೆ.

ನಮ್ಮ ಕಾಲೇಜಿನಿಂದ ಸುತ್ತಲಿನ ಊರುಗಳಲ್ಲಿ ಸಾರ್ವಜನಿಕ ಉಪನ್ಯಾಸ ನಡೆಸುವ ಯೋಜನೆಯಾಯಿತು. ಒಬ್ಬರಿಗೆ ಚುನಾವಣೆ, ಒಬ್ಬರಿಗೆ ಗೇಣಿ ಒಕ್ಕಲು, ನನಗೆ 'ಹೆಣ್ಣು ಮತ್ತು ಆಸ್ತಿ'. ಹೊಸ ಉತ್ತರಾಧಿಕಾರದ ಕಾನೂನನ್ನು ನಾನು ಬಾಯಿಪಾಠ ಮಾಡಿಕೊಂಡವಳು. ಮೊದಲ ಉಪನ್ಯಾಸ ಮಡಂತ್ಯಾರಿನ ಶಾಲೆಯಲ್ಲಿ. ಹೆಂಗಸರೇ ಹೆಚ್ಚು ಬಂದಿದ್ದರು. ನಾನು ಸೆರಗು ಬಿಗಿದುಕೊಂಡು, "ಇನ್ನು ಮೇಲೆ ಅಪ್ಪನ ಆಸ್ತಿಯಲ್ಲಿ ಮಗಳಿಗೂ ಹಕ್ಕಿದೆ!" ಎಂದು ಘೋಷಿಸಿದೆ. ಚಪ್ಪಾಳೆಗೆಂದು ನಿಂತೆ.

ಮುಂದಿನ ಬೆಂಚಿನಿಂದ ಒಬ್ಬ ಅಜ್ಜಿ ಎದ್ದು ಕೇಳಿದರು: "ಅಪ್ಪನದ್ದು ನಮಗೆ ಯಾಕೆ ಟೀಚರ್? ಅದು ಅವರ ಅಕ್ಕತಂಗಿಯರದ್ದಲ್ವಾ? ಇನ್ನೊಬ್ಬರ ಮನೆಗೆ ಕೈ ಹಾಕುವುದು ಚಂದವಾ?"

ಸಭೆಯೆಲ್ಲ ನಕ್ಕಿತು. ನಾನೂ ನಗಬೇಕಾಯಿತು. ದೇವಕಿ ಅಕ್ಕನ ಮನೆಯಲ್ಲಿ ಅಷ್ಟು ತಿಂಗಳು ಉಂಡು ತಿಂದಿದ್ದವಳು, ವೇದಿಕೆ ಹತ್ತಿದ ಕೂಡಲೇ ಗದಗಿನವಳೇ ಆಗಿಬಿಟ್ಟಿದ್ದೆ.

ಮನೆಗೆ ಬಂದು ನಡೆದದ್ದನ್ನು ದೇವಕಿ ಅಕ್ಕನಿಗೆ ಹೇಳಿದೆ. ಅವರು ನಗಲಿಲ್ಲ.

"ನಿಮ್ಮ ಆ ಕಾನೂನು ನಮ್ಮ ಮನೆಗೂ ಬಂದಿದೆ ಟೀಚರ್," ಎಂದರು. "ಅಣ್ಣ ಪಾಲು ಮಾಡುವ ಅಂತ ಹೇಳ್ತಾನೆ. ಅವನ ಪಾಲು ಅವನ ಮಗಳಿಗೆ ಕೊಡ್ಬೇಕಂತೆ. ಈ ಮನೆಯನ್ನೂ ಹಗ್ಗ ಹಿಡಿದು ಅಳೆಯುತ್ತಾರಂತೆ. ನಾನು ಹುಟ್ಟಿದ್ದು ಈ ಮನೆಯಲ್ಲಿ, ಹೆತ್ತದ್ದು ಇಲ್ಲಿ. ಸಾಯುವುದು ಎಲ್ಲಿ ಮಾರಾಯ್ತಿ?"

ನನ್ನಂಥವಳಿಗೆ ನೆಲೆ ಕೊಡಲೆಂದು ಬಂದ ಕಾನೂನು ಈ ಹೆಂಗಸಿನ ನೆಲೆಯನ್ನೇ ಅಲುಗಾಡಿಸುತ್ತಿತ್ತು. ಯಾವ ಉಪನ್ಯಾಸದಲ್ಲಿ ಇದನ್ನು ಹೇಗೆ ಹೇಳಲಿ? ಅವರ ಅಣ್ಣ ಸಂಜೀವಣ್ಣನ ಮೇಲೆ ನನಗೆ ಕೆಟ್ಟ ಕೋಪ ಬಂತು.

ಮುಂದಿನ ಉಪನ್ಯಾಸ ಬಂಟ್ವಾಳ ಪೇಟೆಯ ವಾಚನಾಲಯದಲ್ಲಿ. ಈ ಸಲ ಅಳಿಯಕಟ್ಟನ್ನು ಹೊಗಳಿ ಹೊನ್ನಶೂಲಕ್ಕೇರಿಸಿದೆ. ಹೆಣ್ಣಿಗೆ ಹುಟ್ಟಿದ ಮನೆಯಲ್ಲೇ ಬಾಳುವ ಭಾಗ್ಯ ಕೊಟ್ಟ ಪದ್ಧತಿಯನ್ನು ಗಂಡಸರು ಸ್ವಾರ್ಥಕ್ಕಾಗಿ ಮುರಿಯುತ್ತಿದ್ದಾರೆ ಎಂದು ಗುಡುಗಿದೆ. ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ನೋಡಿದರೆ ಸಂಜೀವಣ್ಣ! ಅವರ ಹೆಂಡತಿಯ ಮನೆ ಹತ್ತಿರದ ಮಾಣಿ ಎಂಬ ಊರಲ್ಲಿ, ಅಲ್ಲಿಂದ ಬಂದಿದ್ದರು.

"ಒಂದು ಮಾತು ಕೇಳ್ತೇನೆ ಟೀಚರ್. ನನ್ನ ಹೆಂಡತಿಯ ತಾಯಿಮನೆಯವರು ಬಡ ಒಕ್ಕಲು. ಅಲ್ಲಿ ಪಾಲು ಮಾಡಲಿಕ್ಕೆ ಏನೂ ಇಲ್ಲ. ನಾನು ಜೀವಮಾನ ಇಡೀ ತಂಗಿಯ ಗದ್ದೆಯಲ್ಲಿ ದುಡಿದೆ. ನನ್ನ ಮಗಳು ಮಾತ್ರ ಹರಿದ ಸೀರೆ ಉಡ್ತಾಳೆ. ಅವಳಿಗೆ ನಾನು ಏನೂ ಕೊಡಬಾರದಾ?"

ಎದುರಿಗೆ ನಿಂತವರಲ್ಲಿ ನನಗೆ ನನ್ನ ಅಪ್ಪ ಕಂಡ. ಮಗಳಿಗೆ ಹೇಗಾದರೂ ಏನಾದರೂ ಮಾಡಿಟ್ಟು ಹೋಗಬೇಕೆಂದು ಒದ್ದಾಡುವ ಗಂಡಸಿಗೆ ಸ್ವಾರ್ಥಿ ಎಂದು ಯಾವ ಬಾಯಿಂದ ಹೇಳಲಿ? "ಕೊಡಬೇಕು ಸಂಜೀವಣ್ಣ," ಎಂದೆ. "ಆದರ ದೇವಕಿ ಅಕ್ಕನ್ನೂ ಒಂದು ಮಾತು ಕೇಳ್ರಿ." ಅಷ್ಟೇ ಹೇಳಿ ಕೂತೆ. ನಾನು ಕೊಟ್ಟ ಉಪನ್ಯಾಸಗಳಲ್ಲೆಲ್ಲ ಚಿಕ್ಕದು ಅದೇ.

ಪಾಲಿನ ಮಾತು ನಡೆದದ್ದು ಚಾವಡಿಯಲ್ಲಿ. ಚಾವಡಿ ಎಂದರೆ ಗಂಡಸರು ಕೂತು ವ್ಯವಹಾರ ಮಾತಾಡುವ ಮುಂದಿನ ಹಜಾರ. ಮನೆ ಹೆಣ್ಣಿನದಾದರೂ ಆ ಹೊತ್ತಿನಲ್ಲಿ ಹೆಂಗಸರು ಅಲ್ಲಿ ಕೂರುವುದಿಲ್ಲ, ಬಾಗಿಲ ಮರೆಯಲ್ಲಿ ನಿಲ್ಲುತ್ತಾರೆ. ಇಷ್ಟು ಹಕ್ಕಿದ್ದೂ ಇದೊಂದು ಹೊಸ್ತಿಲು ದಾಟಲಾರರಲ್ಲ ಎಂದು ನನಗೆ ಸೋಜಿಗ. ಅಳೆಯುವವರು ಹಗ್ಗ ಬಿಚ್ಚಿದಾಗ, ನನ್ನ ಪಕ್ಕದಲ್ಲಿ ನಿಂತಿದ್ದ ದೇವಕಿ ಅಕ್ಕ ಸೀದಾ ಹೊರಗೆ ಹೋಗಿ ಅಣ್ಣನ ಎದುರು ಕೂತರು. ತುಳುವಿನಲ್ಲಿ ಅವರು ಹೇಳಿದ್ದು ಇಷ್ಟು:

"ಅಣ್ಣಾ, ಹೊಳೆ ಬದಿಯ ಗದ್ದೆ ನಿಮ್ಮ ಮಗಳಿಗೆ ಇರಲಿ. ಅವಳು ನನಗೂ ಮಗಳೇ. ನಾನು ತಕರಾರು ಮಾಡುವುದಿಲ್ಲ. ಮನೆಯನ್ನು ಮಾತ್ರ ಅಳೆಯಬೇಡಿ."

ಹೊಳೆ ಬದಿಯದು ಇದ್ದುದರಲ್ಲಿ ಒಳ್ಳೆಯ ಗದ್ದೆ. ಸಂಜೀವಣ್ಣ ಎದ್ದು, ತಾವೇ ಹಗ್ಗ ಸುತ್ತಿಟ್ಟರು. ಅವತ್ತು ಮಧ್ಯಾಹ್ನ ಎಲ್ಲರೂ ಒಟ್ಟಿಗೇ ಉಂಡರು. ನಾನು ಬಾಗಿಲ ಹಿಂದೆ ಕಣ್ಣೊರೆಸಿಕೊಂಡೆ.

ಸಂಜೆ ಅಡಿಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಾ ದೇವಕಿ ಅಕ್ಕ ಕೇಳಿದರು: "ಊರೂರಿಗೆ ಹೋಗಿ ಭಾಷಣ ಮಾಡ್ತೀರಲ್ಲ, ನಿಮ್ಮ ಅಪ್ಪನ ಮನೆಯಲ್ಲಿ ನಿಮ್ಮದು ಕೇಳಿದ್ದೀರಾ?"

"ಇಲ್ಲ."

"ಯಾಕೆ?"

"ಅಣ್ಣ ಬ್ಯಾಸರ ಮಾಡ್ಕೋತಾನ."

"ನನಗೆ ಅಣ್ಣ ಇಲ್ವಾ?" ಎಂದು ಅವರು ತುರಿ ನನ್ನ ಮುಂದೆ ತಳ್ಳಿದರು. "ಹೋಗಿ ಕೇಳಿ ಬನ್ನಿ. ಅವರಿಗೆ ಬೇಸರ ಆದರೆ ಆಮೇಲೆ ಸಮಾಧಾನ ಮಾಡುವ."

ಬೇಸಿಗೆ ರಜೆಗೆ ಗದಗಕ್ಕೆ ಹೋದೆ. ಬಾಗಿಲಲ್ಲೇ ಅತ್ತಿಗೆ, "ಬಾರವಾ. ಎಷ್ಟು ದಿನದ ರಜಾ?" ಎಂದಳು. ಪ್ರೀತಿಯಿಂದಲೇ ಕೇಳಿದ್ದು. ಆದರೂ ಚುಚ್ಚಿತು. ರೊಟ್ಟಿ, ಹಿಂಡಿಪಲ್ಯ ಎಷ್ಟೋ ದಿನದ ಮೇಲೆ ಬಾಯಿಗೆ ಬಿತ್ತು. ಮಾತಿನ ನಡುವೆ ನಾನು 'ಉಂಟು' ಎಂದರೆ ಮನೆಮಂದಿಯೆಲ್ಲ ನಗುತ್ತಿದ್ದರು. ಕೇಳಬೇಕು, ಕೇಳಬೇಕು ಎಂದು ದಿನ ದೂಡಿದೆ. ಸಾವಿರ ಜನರೆದುರು ಮಾತಾಡಬಲ್ಲವಳಿಗೆ ಒಬ್ಬ ಅಣ್ಣನೆದುರು ನಾಲಿಗೆ ಹೊರಳಲಿಲ್ಲ. ಕಡೆಗೊಂದು ಸಂಜೆ ಪಡಸಾಲೆಯಲ್ಲಿ, ಅಪ್ಪ ಕೂಡುತ್ತಿದ್ದ ಜಾಗದಲ್ಲಿ ಅಣ್ಣ ಕೂತಿದ್ದಾಗ, ಅವನ ಎದುರಿಗೆ ಕೂತೆ.

"ಅಣ್ಣಾ, ಹೊಲ ನಂಗ ಬ್ಯಾಡ. ಆ ಒಳಗಿನ ಕೋಣಿ ನಂದು ಅನ್ನು. ಗಂಡ ಸತ್ತ ಮಗಳಿಗೆ ಅಪ್ಪನ ಮನಿಯೊಳಗ ಇರೋ ಹಕ್ಕು ಕಾನೂನಿನಾಗೂ ಐತಿ."

ಅಣ್ಣನ ಮುಖ ಸಣ್ಣದಾಯಿತು. "ಕಾನೂನು ಯಾಕ ತಗದಿ, ಶಾಂತವ್ವಾ? ನಿನ್ನ ಬರಬ್ಯಾಡ ಅಂದವರು ಯಾರು?"

"ಯಾರೂ ಅಂದಿಲ್ಲ. ಇರು ಅಂತನೂ ಯಾರೂ ಅಂದಿಲ್ಲಲ್ಲ."

ಅವನು ಎದ್ದು ಹೊರಗೆ ಹೋದ. ಎಲ್ಲ ಕೆಟ್ಟಿತು ಎಂದುಕೊಂಡೆ. ಮರುದಿನ ಬೆಳಿಗ್ಗೆ ನೋಡಿದರೆ ಜೋಳದ ಚೀಲಗಳನ್ನು ಒಂದೊಂದಾಗಿ ಬೆನ್ನ ಮೇಲೆ ಹೊತ್ತು ಹೊರಗೆ ಹಾಕುತ್ತಿದ್ದಾನೆ, ಮೈಯೆಲ್ಲ ಧೂಳು. ಅತ್ತಿಗೆ ನೆಲ ಸಾರಿಸಿದಳು. ಅಣ್ಣ ನನ್ನ ಪೆಟ್ಟಿಗೆಯನ್ನು ತಾನೇ ತಂದು ಗೋಡೆಗೆ ತಾಗಿಸಿಟ್ಟು, "ಇನ್ನ ಯಾರೂ ಇದನ್ನ ಕದಲ್ಸಂಗಿಲ್ಲ," ಎಂದ. ನಾನು ಅವನ ತೋಳು ಹಿಡಿದುಕೊಂಡು ಅತ್ತೆ. ಅವನೂ ಅತ್ತ.

ರಜೆಯ ಉಳಿದ ದಿನಗಳನ್ನು ನನ್ನ ಕೋಣೆಯಲ್ಲಿ ಕಳೆದೆ. ಕಿಟಕಿಗೆ ಪರದೆ ಕಟ್ಟಿದೆ, ಅಪ್ಪನ ಫೋಟೋ ಹಾಕಿದೆ. ಬೇಕಾದದ್ದು ಸಿಕ್ಕಿತ್ತು. ಹೊರಡುವ ಹಿಂದಿನ ದಿನ ಊಟಕ್ಕೆ ಕೂತಾಗ ಅತ್ತಿಗೆ, "ಇನ್ನೊಂದ್ ನಾಕ್ ದಿನ ಇರವಾ, ಕೋಣಿ ಈಗ ಚಂದ ಆಗೇತಿ," ಎಂದಳು. ಹಾಗೆ ಅವಳು ಇರು ಎಂದದ್ದು ಅದೇ ಮೊದಲು.

"ಇಲ್ಲ ಅತ್ತಿಗಿ," ಎಂದೆ. "ದೇವಕಿ ಅಕ್ಕ ದಾರಿ ಕಾಯ್ತಿರತಾರ. ಮಳಿ ಹಿಡಿಯೋದ್ರಾಗ ಮನಿಗೆ ಹೋಗಬೇಕು."

ನಾನು ಅದನ್ನು 'ಮನಿ' ಅಂದದ್ದು ಕೇಳಿ, ರೊಟ್ಟಿ ಮುರಿಯುತ್ತಿದ್ದ ಅಣ್ಣ ತಲೆ ಎತ್ತಿ ನೋಡಿದ.