ಅಕ್ಕೋರ ತಲೆಯ ಮೇಲೆ ಬಿದ್ದ ನೀರು

ಇವತ್ತು ಬೆಳಿಗ್ಗೆ ಚಿಕ್ಕೋಡಿಯ ನನ್ನ ವೆಬ್ ಡಿಸೈನ್ ಅಂಗಡಿಯ ಶಟರ್ ಇನ್ನೂ ಅರ್ಧ ಎತ್ತಿದ್ದೆ, ಅಷ್ಟರಲ್ಲಿ ಅಥಣಿಯಿಂದ ಫೋನು. ಹೊಸದಾಗಿ ಬೇಕರಿ ತೆರೆದವರು. "ಸರ, ವೆಬ್‌ಸೈಟ್ ಆಮ್ಯಾಲೆ ನೋಡೂಣು. ಮೊದಲ ಒಂದು ವಿಡಿಯೋ ವೈರಲ್ ಮಾಡಿ ಕೊಡ್ರಿ." ಅರ್ಧ ಕಿಲೋ ಖಾರಾ ಕಟ್ಟಿಕೊಡಿ ಅನ್ನುವ ಧಾಟಿ. "ಅದು ನಮ್ಮಲ್ಲಿ ಸಿಗೂದಿಲ್ರಿ" ಎಂದು ಫೋನ್ ಇಟ್ಟುಬಿಟ್ಟೆ. ಸುಳ್ಳು ಹೇಳಿದೆ. ಸಿಗುತ್ತದೆ. ಒಮ್ಮೆ ಮಾಡಿದ್ದೇನೆ.

ವಿಡಿಯೋ ಎಂದರೆ ನನಗೆ ಮೊದಲಿನಿಂದ ಸಿಟ್ಟೇನೂ ಇರಲಿಲ್ಲ. ಎರಡು ಸಾವಿರದ ಆರೇಳರ ಸುಮಾರಿಗೆ, ನಿಪ್ಪಾಣಿಯಲ್ಲಿ ವೆಬ್ ಡಿಸೈನ್ ಕಲಿಯುವ ಕಾಲಕ್ಕೆ, ಸೈಬರ್ ಕೆಫೆಯಲ್ಲಿ ಮೂರು ನಿಮಿಷದ ವಿಡಿಯೋಗೆ ಅರ್ಧ ತಾಸು ಕಾಯುತ್ತಿದ್ದೆವು. ಪರದೆಯ ನಡುವೆ ಚಕ್ರ ತಿರುಗುತ್ತಿತ್ತು, ನಾವು ಅದನ್ನೇ ನೋಡುತ್ತಿದ್ದೆವು. ಅಷ್ಟು ಕಾದ ಮೇಲೆ ಯಾವುದೋ ದೇಶದವನು ಬೆಕ್ಕಿಗೆ ಸ್ನಾನ ಮಾಡಿಸುವುದು ಬಂದರೂ ಕೊನೆತನಕ ನೋಡಿಯೇ ಏಳುತ್ತಿದ್ದೆವು. ಆಗ ಗಿರಾಕಿಗಳ ಕಾಟ ಬೇರೆ ಥರದ್ದು. ಕಾಗವಾಡದ ಒಬ್ಬ ಟ್ರ್ಯಾಕ್ಟರ್ ಬಿಡಿಭಾಗದ ವ್ಯಾಪಾರಿಗೆ ಅಂಗಡಿಯ ಹೆಸರು ಪರದೆಯ ತುಂಬ ಓಡಬೇಕಿತ್ತು. "ಓದಾವ್ರು ಹೆಂಗ ಓದಬೇಕ್ರಿ?" ಎಂದರೆ, "ಅವ್ರೂ ಓಡ್ಲಿ ಬಿಡ್ರಿ" ಎಂದಿದ್ದರು. ಆ ಕಾಟದಲ್ಲಿ ಯಾರಿಗೂ ಪೆಟ್ಟಾಗುತ್ತಿರಲಿಲ್ಲ.

ಮುಂದೆ ಎಲ್ಲರ ಕಿಸೆಗೂ ಫೋನು ಬಂತು, ನೆಟ್ಟು ಜೋರಾಯಿತು, ಕಾಯುವುದು ಎಲ್ಲರಿಗೂ ಮರೆತುಹೋಯಿತು. ನನಗೂ. ಆ ವರ್ಷಗಳಲ್ಲೇ ಪಾಲಬಾವಿ ಕಡೆಯ ಒಂದು ಶಾಲೆಗೆ ಅಲ್ಲಿಯ ಹಳೆಯ ವಿದ್ಯಾರ್ಥಿಗಳು ಸೇರಿ ವೆಬ್‌ಸೈಟ್ ಮಾಡಿಸಿದರು. ಕೆಲಸ ನನಗೆ ಬಂತು. ಹೆಡ್ ಮಾಸ್ತರರು, "ನಮ್ಮ ಕಾಂಬಳೆ ಅಕ್ಕೋರ ಪಾಠ ಹಿಡೀರಿ, ಅಂಥಾ ಪಾಠ ಸುತ್ತ ಎಲ್ಲೂ ಸಿಗೂದಿಲ್ಲ" ಎಂದರು.

ಅಕ್ಕೋರಿಗೆ ಆಗ ಐವತ್ತರ ಹತ್ತಿರ. ಕನ್ನಡವೂ ಅವರೇ, ವಿಜ್ಞಾನವೂ ಅವರೇ. ಅಂದಿನ ಪಾಠ ಗಾಳಿಯ ಒತ್ತಡ. ತುಂಬಿದ ಗ್ಲಾಸಿನ ಬಾಯಿಗೆ ರಟ್ಟಿನ ತುಂಡು ಇಟ್ಟು ಬೋರಲು ಹಾಕಿದರೆ ನೀರು ಬೀಳುವುದಿಲ್ಲ ಎನ್ನುವುದು. "ನಂಬಿಕಿ ಇಲ್ಲೇನು? ನನ್ನ ತಲಿ ಮ್ಯಾಲನ ಹಿಡಿತೀನಿ" ಎಂದು ಹಿಡಿದರು. ರಟ್ಟು ನೆನೆದಿತ್ತು. ಅಷ್ಟೂ ನೀರು ತಲೆಯ ಮೇಲೆ ಬಿತ್ತು. ಮಕ್ಕಳು ಬಿದ್ದು ಬಿದ್ದು ನಕ್ಕರು, ಅಕ್ಕೋರೂ ನಕ್ಕರು. ಸೆರಗಿನಿಂದ ಮುಖ ಒರೆಸಿಕೊಂಡು, "ಈಗ ಯಾಕ ಬಿತ್ತು ಹೇಳ್ರಿ?" ಎಂದು ಕೇಳಿ, ಮಕ್ಕಳ ಬಾಯಿಂದಲೇ ಉತ್ತರ ಹೊರಡಿಸಿ, ಒಣ ರಟ್ಟು ತರಿಸಿ ಮತ್ತೆ ಹಿಡಿದರು. ಒಂದು ಹನಿ ಬೀಳಲಿಲ್ಲ. ಇಡೀ ಕೋಣೆ ಚಪ್ಪಾಳೆ ತಟ್ಟಿತು.

ಪೂರ್ತಿ ಪಾಠವನ್ನು ಶಾಲೆಯ ಪುಟದಲ್ಲಿ ಹಾಕಿದೆ. ತಿಂಗಳಾದರೂ ಒಂದು ನರಪಿಳ್ಳೆ ನೋಡಲಿಲ್ಲ. ನನ್ನ ಶ್ರಮ ಹಾಳಾಯಿತಲ್ಲ ಎಂಬ ಉರಿ. ಒಂದು ದಿನ ನೀರು ಬೀಳುವ ಹತ್ತು ಸೆಕೆಂಡನ್ನಷ್ಟೇ ಕತ್ತರಿಸಿ, ಮೇಲೆ ಅವರ ಹೆಸರು ಬರೆದು, ಇವರ ವಿಜ್ಞಾನದ ಪಾಠ ನೋಡಿದರೆ ನಕ್ಕು ನಕ್ಕು ಹೊಟ್ಟೆ ಹುಣ್ಣಾಗುತ್ತದೆ ಎಂದು ಸೇರಿಸಿ ನನ್ನ ಪುಟಕ್ಕೆ ಏರಿಸಿದೆ. ಸಂಜೆಯ ಹೊತ್ತಿಗೆ ಊರೆಲ್ಲ ಅದೇ. ನಾನು ಚಹಾದ ಅಂಗಡಿಯಲ್ಲಿ ನಿಂತು ಎಷ್ಟು ಜನ ನೋಡಿದರು ಎಂದು ಎಲ್ಲರಿಗೂ ತೋರಿಸಿದೆ. ಹೌದು, ಹೆಮ್ಮೆಯಿಂದ. ಮುಚ್ಚಿಡುವುದೇನು?

ನಾಲ್ಕನೇ ದಿನ ಅಕ್ಕೋರು ನನ್ನ ಅಂಗಡಿಗೆ ಬಂದರು. ಕುಳಿತು ನೀರು ಕುಡಿದರು.

"ರಾಯಬಾಗದ ಬಸ್ಸಿನ್ಯಾಗ ಕುಂತಿದ್ನೆಪಾ. ಬೆನ್ನ ಹಿಂದ ನಂದ ಧ್ವನಿ ಕೇಳಿಸ್ತು. ತಿರುಗಿ ನೋಡಿದ್ನಿ. ಇಬ್ಬರು ಕಾಲೇಜ ಹುಡುಗ್ರು. ನನ್ನ ಗುರ್ತು ಹಿಡದು ತಲಿ ಮ್ಯಾಲೆ ನೀರು ಸುರಿದಂಗ ಮಾಡಿ ತೋರ್ಸಿದ್ರು. ಏನದು, ನನಗೂ ತೋರ್ಸು."

ತೋರಿಸಿದೆ. ಮುಗಿದ ಮೇಲೂ ಪರದೆಯನ್ನೇ ನೋಡುತ್ತಿದ್ದರು. "ಆಮ್ಯಾಲಿನ ಪಾಠ ಎಲ್ಲಿ ಹೋತು?"

ಕತ್ತರಿಸಿದೆ ಎನ್ನುವುದನ್ನು ಬಿಟ್ಟು, ಈಗಲೇ ಅಳಿಸುತ್ತೇನೆ ಎಂದೆ.

"ಅಳಸು. ಅದಕ್ಕ ಮೊದಲ, ಕೆಳಗ ಮಂದಿ ಏನೇನೋ ಬರದಾರಂತಲ್ಲ, ಅಷ್ಟೂ ಪ್ರಿಂಟ್ ತಗದು ಕೊಡು."

ಹಲವು ಹಾಳೆಗಳಾದವು. ಮಡಚಿ ಚೀಲದಲ್ಲಿಟ್ಟುಕೊಂಡು ಹೋದರು. ಪೊಲೀಸರ ಬಳಿ ಹೋಗುತ್ತಾರೆ ಎಂದುಕೊಂಡೆ. ಹೋಗಬೇಕಿತ್ತು ಕೂಡ. ನಾನು ಅಳಿಸಿದೆ. ಅಳಿಸಿ ಏನು ಬಂತು! ಅಷ್ಟರಲ್ಲಿ ಯಾರೋ ಅದಕ್ಕೆ ಸಿನಿಮಾ ಸಂಗೀತ ಕೂಡಿಸಿದ್ದರು, ಇನ್ಯಾರೋ ಕೊಲ್ಹಾಪುರದ ಕಡೆ ಮರಾಠಿ ಮಾತು ಕೂಡಿಸಿದ್ದರು. ತೆಗೆಯಿರಿ ಎಂದು ಒಬ್ಬೊಬ್ಬರಿಗೂ ಬರೆದೆ. ಒಬ್ಬ ಹೆಬ್ಬೆರಳಿನ ಚಿತ್ರ ಕಳಿಸಿದ. ಇನ್ನೊಬ್ಬ, "ಫ್ರೀ ಪಬ್ಲಿಸಿಟಿ ಬ್ರೋ" ಎಂದ. ಒಂದು ತೆಗೆಸಿದರೆ ಎರಡು ಬರುತ್ತಿತ್ತು.

ಎಂಟು ದಿನಕ್ಕೆ ಅಕ್ಕೋರು ಮತ್ತೆ ಬಂದು ಹಾಳೆಗಳನ್ನು ನನ್ನ ಮೇಜಿನ ಮೇಲಿಟ್ಟರು. ತುಂಬ ಕೆಂಪು ಮಸಿ. ಪ್ರತಿ ಸಾಲನ್ನೂ ಪರೀಕ್ಷೆಯ ಉತ್ತರದಂತೆ ತಿದ್ದಿದ್ದರು. ಬೈಗುಳದ ಒತ್ತಕ್ಷರ, ಕಾಗುಣಿತ, ಎಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡದ ಪಕ್ಕ ಪ್ರಶ್ನೆಚಿಹ್ನೆ. ಎಲ್ಲಕ್ಕೂ ಮೇಲೆ ನನ್ನ ಸಾಲು. ಗಡಿಬಿಡಿಯಲ್ಲಿ 'ವಿಗ್ಯಾನ' ಎಂದು ಬರೆದಿದ್ದೆ. ಸುತ್ತ ಕೆಂಪು ಗೆರೆ ಎಳೆದು, ಪಕ್ಕದಲ್ಲಿ ಮುತ್ತಿನಂಥ ಅಕ್ಷರದಲ್ಲಿ 'ವಿಜ್ಞಾನ' ಎಂದು ಬರೆದಿದ್ದರು.

"ನನಗ ಇದೊಂದ ಬರ್ತೈತಿ ನೋಡು. ಸುಮ್ನ ಕುಂತ್ರ ನಿದ್ದಿ ಬರ್ಲಿಲ್ಲ" ಎಂದರು.

ಕೊನೆಯ ಹಾಳೆಯಲ್ಲಿ ಒಂದು ಸಾಲಿಗೆ ಮಾತ್ರ ಮಸಿ ತಾಗಿರಲಿಲ್ಲ. 'ಮೀಸಲಾತಿಯಿಂದ ಕೆಲಸಕ್ಕೆ ಬಂದವರ ವಿಜ್ಞಾನ ಇಷ್ಟೇ.' ಬರೆದವನ ಹೆಸರಿತ್ತು. ಅಕ್ಕೋರು ಅದರ ಮೇಲೆ ಬೆರಳಿಟ್ಟರು.

"ಇದರಾಗ ಒಂದೂ ತಪ್ಪಿಲ್ಲ. ಹೆಂಗ ಇರ್ತೈತಿ? ಇಂವಗ ಕೈ ಹಿಡದು ಅಕ್ಷರಾ ತಿದ್ದಿಸಿದಾಕಿ ನಾನ. ಶಾಲಿ ವೆಬ್‌ಸೈಟಿಗೆ ರೊಕ್ಕಾ ಕೂಡಿಸಿದವರಾಗ ಇಂವನೂ ಒಬ್ಬ."

ಕ್ಷಮಿಸಿರಿ ಎಂದೆ. ಅವರು ಎದ್ದು, ಬಸ್ಸಿನ ಹೊತ್ತಾಯಿತು ಎಂದು ಹೋದರು. ಅದೇ ಬಸ್ಸು. ನಿವೃತ್ತರಾಗುವ ತನಕ ಅದರಲ್ಲೇ ಓಡಾಡಿದರು ಎಂದು ಆಮೇಲೆ ಹೆಡ್ ಮಾಸ್ತರರು ಹೇಳಿದರು. ಗಾಳಿಯ ಒತ್ತಡದ ಪಾಠವನ್ನು ಪ್ರತಿ ವರ್ಷ ಮಾಡುತ್ತಿದ್ದರಂತೆ. ಗ್ಲಾಸು ಮಾತ್ರ ತಲೆಯ ಮೇಲಲ್ಲ, ಬಕೆಟ್ಟಿನ ಮೇಲೆ.

ಹೋದ ವಾರ ನಮ್ಮ ಮನೆಮಂದಿಯ ಮೊಬೈಲ್ ಗುಂಪಿಗೆ ಕಬ್ಬೂರಿನ ಸೋದರಮಾವ ಒಂದು ವಿಡಿಯೋ ಕಳಿಸಿದ್ದರು. ಅದೇ ಹತ್ತು ಸೆಕೆಂಡು. ಇಷ್ಟು ವರ್ಷ ಇಂಥ ಹೊತ್ತಿನಲ್ಲಿ ಸುಮ್ಮನಿರುತ್ತಿದ್ದೆ. ಈ ಸಲ ಬರೆದೆ: 'ಮಾವಾ, ಇದನ್ನ ಮೊದಲ ಹಾಕಿದಂವ ನಾನ. ದೊಡ್ಡ ತಪ್ಪು ಮಾಡೀನಿ. ಇದು ಪೂರ್ತಿ ಪಾಠ ಅಲ್ಲ.' ಕೆಳಗೆ ಪೂರ್ತಿ ಪಾಠವನ್ನೂ ಸೇರಿಸಿದೆ.

ಮಾವನ ಉತ್ತರ ತಕ್ಷಣ ಬಂತು. ಕಣ್ಣಲ್ಲಿ ನೀರು ಬರುವಂತೆ ನಗುವ ಮೂರು ಮುಖಗಳು, ಅದರ ಕೆಳಗೆ, 'ಭಾಳ ಉದ್ದ ಐತಲೇ. ಮಜಾ ಇದ್ದದ್ದಷ್ಟ ಕಟ್ ಮಾಡಿ ಕಳಸು.'